ಕೈ ಹಿಡಿದಾಗ ಯಂತ್ರ ನಿಲ್ಲಬೇಕು

(ವಿದ್ಯುತ್ ಸೈಕಲ್ಲಿಗೆ ಬ್ರೇಕ್ ಸೆನ್ಸರಿನ ತಂತಿ ಜೋಡಿಸುವ ಬಗ್ಗೆ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವುದು ನನಗೆ ಒಗ್ಗಿದ ಕೆಲಸವಲ್ಲ. ಸ್ಕ್ರೂಡ್ರೈವರು, ಬೆಸುಗೆಯ ಕಡ್ಡಿ, ಮೀಟರು ಇವುಗಳನ್ನು ನೆಚ್ಚಿ ಬದುಕುವವನು ನಾನು. ಆದರೆ ನಮ್ಮ ಕಾರ್ಯದರ್ಶಿಗಳು ಬಂದು, “ನಮ್ಮ ಹುಡುಗರಲ್ಲಿ ಅನೇಕರು ಹಳೆಯ ಸೈಕಲ್ಲಿಗೆ ಮೋಟಾರು ಕಟ್ಟಿಕೊಂಡು ಓಡಾಡುತ್ತಿದ್ದಾರೆ, ಅವರಿಗೆ ಉಪಯೋಗವಾಗುವಂತೆ ನಾಲ್ಕು ಮಾತು ಹೇಳಬೇಕು” ಎಂದು ಕೇಳಿದಾಗ ಒಲ್ಲೆನೆನ್ನಲು ಬಾಯಿ ಬರಲಿಲ್ಲ. ಆ ಸೈಕಲ್ಲಿನ ಎಲ್ಲ ವಿಷಯವನ್ನೂ ಇಂದು ಹೇಳುವುದಿಲ್ಲ. ಬ್ರೇಕಿನ ಹಿಡಿಯಿಂದ ಹೊರಡುವ ಒಂದು ಸಪುರವಾದ ತಂತಿಯ ಕಥೆಯನ್ನಷ್ಟೇ ಹೇಳುತ್ತೇನೆ. ತಂತಿ ಸಪುರವಾದರೂ ಅದರ ಮೇಲೆ ತೂಗುವ ಭಾರ ಸಣ್ಣದಲ್ಲ.

ಈ ಮಹಾನಗರದಲ್ಲಿ ಹೋಟೆಲು ಕೆಲಸಗಾರನ ಹೊತ್ತಿಗೂ ಲೋಕಲ್ ರೈಲಿನ ಹೊತ್ತಿಗೂ ಹೊಂದಿಕೆಯಿಲ್ಲವೆಂಬುದು ನಿಮಗೆಲ್ಲ ತಿಳಿದದ್ದೇ. ರಾತ್ರಿ ಕೊನೆಯ ಗಿರಾಕಿ ಎದ್ದುಹೋಗಿ, ಪಾತ್ರೆ ತೊಳೆದು, ನೆಲ ಒರಸಿ ಹೊರಬೀಳುವಷ್ಟರಲ್ಲಿ ಕೊನೆಯ ಗಾಡಿ ಹೊರಟುಹೋಗಿರುತ್ತದೆ. ಬೆಳಗಿನ ಇಡ್ಲಿ ಬೇಯಿಸಬೇಕಾದವನು ಮೊದಲನೆಯ ಗಾಡಿ ಬರುವ ಮುಂಚೆಯೇ ಒಲೆ ಹೊತ್ತಿಸಬೇಕು. ಸ್ಕೂಟರು ಕೊಂಡು ಪೆಟ್ರೋಲು ಹಾಕಿಸುವ ಶಕ್ತಿ ಎಲ್ಲರಿಗೂ ಇಲ್ಲ. ಆದ್ದರಿಂದ ನಮ್ಮ ತರುಣರು ಹಳೆಯ ಸೈಕಲ್ಲಿನ ಒಂದು ಗಾಲಿಯನ್ನು ಬಿಚ್ಚಿ, ಅಲ್ಲಿಗೆ ಮೋಟಾರಿರುವ ಗಾಲಿಯನ್ನು ಕೂಡಿಸಿ, ಚೌಕಟ್ಟಿಗೆ ಬ್ಯಾಟರಿ ಬಿಗಿದು ತಮ್ಮ ಗಾಡಿಯನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಇದನ್ನು ಹಳಿಯುವುದಕ್ಕೆ ನಾನು ಬಂದಿಲ್ಲ. ತನ್ನ ಗಾಡಿಯನ್ನು ತಾನೇ ಕಟ್ಟಿಕೊಂಡವನು ಅದರ ಒಂದೊಂದು ಬೋಲ್ಟನ್ನೂ ಬಲ್ಲ. ಅದು ಹೆಮ್ಮೆಪಡಬೇಕಾದ ವಿದ್ಯೆ.

ಆದರೆ ರಿಪೇರಿಗೆ ಬರುವ ಇಂಥ ಗಾಡಿಗಳಲ್ಲಿ ಒಂದು ದೋಷವನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ. ಕಿಟ್ಟಿನ ಜೊತೆ ಬಂದ ಬ್ರೇಕ್ ಸೆನ್ಸರಿನ ತಂತಿಯನ್ನು ಜೋಡಿಸಿಯೇ ಇರುವುದಿಲ್ಲ. ಇಲ್ಲವೆ ಜೋಡಿಸಿದ್ದನ್ನು ಕತ್ತರಿಸಿ, ಮಡಿಸಿ, ಕಪ್ಪು ಟೇಪು ಸುತ್ತಿ ಹ್ಯಾಂಡಲಿನ ಕೆಳಗೆ ಅಡಗಿಸಿರುತ್ತಾರೆ. ಏಕೆಂದು ಕೇಳಿದರೆ, “ಅಣ್ಣಾ, ಅದಿಲ್ಲದೆಯೂ ಗಾಡಿ ಓಡುತ್ತದಲ್ಲ!” ಎಂಬ ಉತ್ತರ ಬರುತ್ತದೆ. ಓಡುತ್ತದೆ, ನಿಜ. ನಿಲ್ಲುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಹೊಸಬರಿಗಾಗಿ ಗಾಡಿಯ ಅಂಗಾಂಗಗಳನ್ನು ಮೊದಲು ಹೇಳಿಬಿಡುತ್ತೇನೆ. ಬ್ಯಾಟರಿಯು ಶಕ್ತಿಯ ಕಣಜ. ನಮ್ಮವರ ಗಾಡಿಗಳಲ್ಲಿ ಸಾಮಾನ್ಯವಾಗಿ 36 ವೋಲ್ಟಿನದು ಇರುತ್ತದೆ. ಪೂರ್ತಿ ಚಾರ್ಜಾದಾಗ ಅದು 42 ವೋಲ್ಟಿನವರೆಗೆ ಏರುತ್ತದೆ. ಮೋಟಾರು ಗಾಲಿಯ ನಡುವೆ ಕುಳಿತಿರುತ್ತದೆ. ಇವೆರಡರ ಮಧ್ಯದಲ್ಲಿರುವ ಪೆಟ್ಟಿಗೆಯೇ ಕಂಟ್ರೋಲರ್. ಎಷ್ಟು ಶಕ್ತಿಯನ್ನು ಯಾವಾಗ ಬಿಡಬೇಕೆಂದು ತೀರ್ಮಾನಿಸುವ ಮೇಸ್ತ್ರಿ ಅದು. ಮೇಸ್ತ್ರಿಗೆ ಅಪ್ಪಣೆಗಳು ಸಪುರ ತಂತಿಗಳ ಮೂಲಕ ಹೋಗುತ್ತವೆ. “ಓಡು” ಎಂಬ ಅಪ್ಪಣೆ ಬಲಗೈಯಲ್ಲಿ ತಿರುವುವ ಥ್ರಾಟಲಿನಿಂದಲೋ, ಪೆಡಲಿನ ಬಳಿಯಿರುವ ಸೆನ್ಸರಿನಿಂದಲೋ ಹೋಗುತ್ತದೆ. “ಸಾಕು, ನಿಲ್ಲಿಸು” ಎಂಬ ಅಪ್ಪಣೆಯನ್ನು ಒಯ್ಯುವುದು ಬ್ರೇಕಿನ ಹಿಡಿಯಲ್ಲಿರುವ ಸೆನ್ಸರು. ಎರಡು ಅಪ್ಪಣೆಗಳೂ ಒಟ್ಟಿಗೆ ಬಂದರೆ ಕಂಟ್ರೋಲರ್ ನಿಲ್ಲಿಸುವ ಅಪ್ಪಣೆಯನ್ನೇ ಮಾನ್ಯ ಮಾಡುತ್ತದೆ. ಈ ವ್ಯವಸ್ಥೆಯ ಬೆಲೆಯೆಲ್ಲ ಇರುವುದು ಇಲ್ಲಿಯೇ.

ಹಳೆಯ ಸೈಕಲ್ಲಿನಲ್ಲಿ ಎಂಜಿನ್ನೂ ನೀವೇ, ಬ್ರೇಕೂ ನೀವೇ. ಎದುರಿಗೆ ಮಗು ಅಡ್ಡ ಬಂದರೆ ಕೈ ಬ್ರೇಕನ್ನು ಹಿಡಿಯುತ್ತದೆ, ಕಾಲು ತಾನಾಗಿಯೇ ತುಳಿಯುವುದನ್ನು ನಿಲ್ಲಿಸುತ್ತದೆ. ಕಾಲಿಗೂ ಕೈಗೂ ಒಡೆಯ ಒಬ್ಬನೇ. ಮೋಟಾರು ಹಾಗಲ್ಲ, ನಿಮಗೆ ಗಾಬರಿಯಾಯಿತೆಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಗಾಬರಿಯಾದ ಮನುಷ್ಯನ ಅಂಗೈ ಹಿಡಿದದ್ದನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತದೆ. ಬೆರಳು ಬ್ರೇಕನ್ನು ಎಳೆಯುತ್ತಿರುವಾಗಲೇ ಮಣಿಕಟ್ಟು ತಿರುಗಿ ಥ್ರಾಟಲು ತೆರೆದುಕೊಳ್ಳಬಹುದು. ಆಗ ಒಂದೇ ಕೈ ಎರಡು ಅಪ್ಪಣೆ ಕೊಟ್ಟಂತಾಗುತ್ತದೆ. ಸೆನ್ಸರು ಇಲ್ಲದಿದ್ದರೆ ಮೋಟಾರು ಮುಂದಕ್ಕೆ ತಳ್ಳುತ್ತದೆ, ಬ್ರೇಕು ಹಿಂದಕ್ಕೆ ಎಳೆಯುತ್ತದೆ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಗಂಟೆಗೆ 25 ಕಿಲೋಮೀಟರ್ ಎಂದರೆ ಒಂದು ಸೆಕೆಂಡಿಗೆ ಸುಮಾರು 7 ಮೀಟರ್. ಸವಾರನೂ ಗಾಡಿಯೂ ಸೇರಿ 90 ಕಿಲೋ ತೂಕವೆಂದಿಟ್ಟುಕೊಂಡರೆ, ಆ ವೇಗದಲ್ಲಿ ಬ್ರೇಕು ಹೀರಿಕೊಳ್ಳಬೇಕಾದ ಶಕ್ತಿ ಸುಮಾರು 2,200 ಜೂಲ್. ಹದವಾಗಿ ಬ್ರೇಕು ಹಾಕಿದರೆ ನಿಲ್ಲಲು ಎರಡು-ಎರಡೂವರೆ ಸೆಕೆಂಡು ಬೇಕು. ಆ ಹೊತ್ತಿನಲ್ಲಿ 250 ವಾಟಿನ ಮೋಟಾರು ತಳ್ಳುತ್ತಲೇ ಇದ್ದರೆ ಇನ್ನೂ 500 ಜೂಲಿಗಿಂತ ಹೆಚ್ಚು ಸುರಿಯುತ್ತದೆ. ಅಂದರೆ ಬ್ರೇಕಿನ ಹೊರೆ ಕಾಲುಭಾಗದಷ್ಟು ಹೆಚ್ಚಿತು. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿದ್ದರೆ ಹೇಗೋ ನಿಭಾಯಿಸಬಹುದು. ಜುಲೈ ತಿಂಗಳ ಮುಂಬಯಿ ಮಳೆಯಲ್ಲಿ, ಒದ್ದೆಯಾದ ರಿಮ್ಮಿನ ಮೇಲೆ ಸವೆದ ರಬ್ಬರು ಜಾರುತ್ತಿರುವಾಗ, ಆ ಕಾಲುಭಾಗವೇ ಎದುರಿನ ಬಸ್ಸಿಗೂ ನಿಮಗೂ ನಡುವಿನ ಅಂತರ.

ಕಂಡ ಸಂಗತಿಯೊಂದನ್ನು ಹೇಳುತ್ತೇನೆ, ಹೆಸರು ಬೇಡ. ನಮ್ಮ ಹೋಟೆಲು ಹುಡುಗನೊಬ್ಬ ಸೈಕಲ್ಲಿನ ಕ್ಯಾರಿಯರಿಗೆ ಸಾಂಬಾರಿನ ಪಾತ್ರೆ ಕಟ್ಟಿಕೊಂಡು ಹತ್ತಿರದ ಕಚೇರಿಗೆ ಒಯ್ಯುತ್ತಿದ್ದ. ಬಾಗಿಲಿನಲ್ಲಿ ಇಳಿದು, ಬ್ಯಾಟರಿಯ ಕೀಲಿ ಆರಿಸದೆ, ಗಾಡಿಯನ್ನು ಫುಟ್‌ಪಾತಿನ ಮೇಲೆ ಎತ್ತಲು ಬಲಗೈಯಿಂದ ಹ್ಯಾಂಡಲು ಹಿಡಿದ. ಎತ್ತುವ ಭರದಲ್ಲಿ ಥ್ರಾಟಲು ತಿರುಗಿತು. ಗಾಡಿ ಹಾರಿತು. ಅವನು ಬ್ರೇಕು ಹಿಡಿದ. ಹಿಡಿದರೂ ಅದು ಎಳೆದುಕೊಂಡೇ ಹೋಯಿತು. ಸಾಂಬಾರು ಕಾಲಿನ ಮೇಲೆ ಸುರಿಯಿತು. ಮೂರು ವಾರ ಕೆಲಸವಿಲ್ಲ, ಕೆಲಸವಿಲ್ಲವೆಂದರೆ ಪಗಾರವಿಲ್ಲ. ಗಾಡಿ ನನ್ನ ಬಳಿಗೆ ಬಂದಾಗ ನೋಡುತ್ತೇನೆ: ಎರಡು ಹಿಡಿಗಳ ಸೆನ್ಸರ್ ತಂತಿಗಳೂ ಕತ್ತರಿಸಿಹೋಗಿವೆ, ಮೇಲೆ ಟೇಪು ಸುತ್ತಿದೆ. ಮಳೆಯಲ್ಲಿ ಮೋಟಾರು ನಿಂತುನಿಂತು ಹೋಗುತ್ತದೆಂದು ಇವನು ದೂರಿದಾಗ ಒಬ್ಬ ರಿಪೇರಿಯವನು ಕಂಡುಕೊಂಡ ಸುಲಭೋಪಾಯ ಅದು. ಮೋಟಾರು ಓಡಿತು, ಅವನಿಗೆ ಮಜೂರಿ ಸಿಕ್ಕಿತು, ಇವನಿಗೆ ಸಂತೋಷವಾಯಿತು. ಲೆಕ್ಕ ತೀರಿದ್ದು ಆಮೇಲೆ.

ಸಹೋದರರೇ, “ತೊಂದರೆ ಬಂದಾಗ ಯಂತ್ರ ನಿಲ್ಲಬೇಕು” ಎಂಬ ಮಾತು ನಮ್ಮ ವರ್ಗಕ್ಕೆ ಹೊಸದಲ್ಲ. 1948ರ ಕಾರ್ಖಾನೆ ಕಾಯಿದೆಯ 24ನೆಯ ಕಲಮಿನಲ್ಲಿ, ಓಡುವ ಯಂತ್ರಗಳಿಗೆ ಅಪಾಯದ ಹೊತ್ತಿನಲ್ಲಿ ಶಕ್ತಿಯನ್ನು ಕಡಿದುಹಾಕುವ ತಕ್ಕ ಸಾಧನ ಪ್ರತಿಯೊಂದು ಕೆಲಸದ ಕೋಣೆಯಲ್ಲಿಯೂ ಇರಬೇಕೆಂದು, ಅದನ್ನು ಸುಸ್ಥಿತಿಯಲ್ಲಿ ಇಟ್ಟಿರಬೇಕೆಂದು ಬರೆದಿತ್ತು. ಅದು ಮಾಲೀಕರ ಮೇಲೆ ಹೊರಿಸಿದ ಕರ್ತವ್ಯವಾಗಿತ್ತು. ಹೋಟೆಲಿನ ಅಡಿಗೆಮನೆಯನ್ನೇ ನೋಡಿ. ರುಬ್ಬುವ ಯಂತ್ರದ ಸ್ವಿಚ್ಚು ಗೋಡೆಯ ಆಚೆ ಬದಿಗಿದ್ದರೆ, ಬೆರಳು ಸಿಕ್ಕಿದಾಗ ಯಾರು ಓಡಿಹೋಗಿ ಆರಿಸಬೇಕು? ಸ್ವಿಚ್ಚು ಕೈಗೆಟಕುವಲ್ಲಿ ಬೇಕೆಂದು ನಾವು ಜಗಳವಾಡುತ್ತೇವೆ, ಆಡಬೇಕಾದದ್ದೇ.

1982ರ ಮುಷ್ಕರಕ್ಕೆ ಮುಂಚೆ ಪರೇಲು, ಲಾಲ್‌ಬಾಗುಗಳ ಗಿರಣಿಗಳಲ್ಲಿ ದುಡಿದ ಹಿರಿಯರು ಇಲ್ಲಿ ಕುಳಿತಿದ್ದಾರೆ. ಸ್ವಯಂಚಾಲಿತ ಮಗ್ಗದಲ್ಲಿ ಹಾಸಿನ ಒಂದೊಂದು ಎಳೆಗೂ ಒಂದೊಂದು ತೆಳುವಾದ ಉಕ್ಕಿನ ಪಟ್ಟಿ ತೂಗಾಡುತ್ತಿದ್ದುದನ್ನು ಅವರು ಬಲ್ಲರು. ಎಳೆ ಬಿಗಿಯಾಗಿರುವವರೆಗೆ ಪಟ್ಟಿ ಮೇಲಿರುತ್ತದೆ. ಎಳೆ ಕಡಿಯಿತೋ, ಪಟ್ಟಿ ಕೆಳಗೆ ಬೀಳುತ್ತದೆ. ಬಿದ್ದ ಪಟ್ಟಿ ವಿದ್ಯುತ್ತಿನ ಕಂಬಿಗೆ ತಗಲಿ ಮಂಡಲ ಪೂರ್ಣವಾಗುತ್ತದೆ, ಮಗ್ಗ ನಿಲ್ಲುತ್ತದೆ. ನಮ್ಮ ಬ್ರೇಕ್ ಸೆನ್ಸರೂ ಇದೇ ತತ್ತ್ವದ್ದು. ಸಾಧಾರಣ ಸ್ಥಿತಿಯಲ್ಲಿ ಮಂಡಲ ತೆರೆದಿರುತ್ತದೆ. ಹಿಡಿಯನ್ನು ಎಳೆದಾಗ ಮುಚ್ಚುತ್ತದೆ. ಮುಚ್ಚಿದಾಗ ಮೋಟಾರು ನಿಲ್ಲುತ್ತದೆ. ಬಟ್ಟೆ ಕೆಡಬಾರದೆಂದು ಮಾಲೀಕ ಪ್ರತಿಯೊಂದು ಎಳೆಗೂ ಒಂದು ಕಾವಲುಗಾರನನ್ನು ಇಟ್ಟಿದ್ದ. ನಮ್ಮ ಎಲುಬು ಮುರಿಯಬಾರದೆಂದು ಒಬ್ಬ ಕಾವಲುಗಾರನನ್ನು ನಾವು ಇಡಬಾರದೇ?

ಇನ್ನು ಕೆಲಸಕ್ಕೆ ಬರೋಣ. ಸೆನ್ಸರುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಎರಡು ತಂತಿಯದು. ಹಿಡಿಯ ಒಳಗೆ ಚಿಕ್ಕದೊಂದು ಸ್ವಿಚ್ಚು ಇರುತ್ತದೆ, ಇಲ್ಲವೆ ಅಯಸ್ಕಾಂತ ಹತ್ತಿರ ಬಂದರೆ ಮುಚ್ಚುವ ಗಾಜಿನ ಕೊಳವೆಯ ಸ್ವಿಚ್ಚು ಇರುತ್ತದೆ. ಇದರಲ್ಲಿ ಪ್ಲಸ್-ಮೈನಸ್ ಭೇದವಿಲ್ಲ. ತಂತಿಗಳನ್ನು ಹೇಗೆ ಅದಲುಬದಲು ಮಾಡಿದರೂ ನಡೆಯುತ್ತದೆ. ಎರಡನೆಯದು ಮೂರು ತಂತಿಯದು. ಇದಕ್ಕೆ ಹಾಲ್ ಸೆನ್ಸರೆಂದು ಹೆಸರು. ಅಯಸ್ಕಾಂತದ ಪ್ರಭಾವಕ್ಕೆ ಸಿಕ್ಕಿದ ವಿದ್ಯುತ್ ಪ್ರವಾಹದಲ್ಲಿ ಅಡ್ಡಲಾಗಿ ಒಂದು ವೋಲ್ಟೇಜು ಹುಟ್ಟುವುದನ್ನು 1879ರಲ್ಲಿ ಅಮೆರಿಕದ ಎಡ್ವಿನ್ ಹಾಲ್ ಎಂಬಾತ ಕಂಡುಹಿಡಿದ, ಹೆಸರು ಅವನದೇ. ಇದಕ್ಕೆ 5 ವೋಲ್ಟಿನ ಪ್ಲಸ್ ಒಂದು, ಮೈನಸ್ ಒಂದು, ಸಂಕೇತದ ತಂತಿ ಒಂದು. ಇಲ್ಲಿ ತಂತಿಗಳನ್ನು ಅದಲುಬದಲು ಮಾಡಿದರೆ ಸೆನ್ಸರು ಸುಟ್ಟುಹೋಗಬಹುದು.

ಎಣ್ಣೆಯ ಒತ್ತಡದಿಂದ ನಡೆಯುವ ಡಿಸ್ಕ್ ಬ್ರೇಕಿದ್ದವರು ಹಿಡಿಯನ್ನು ಬದಲಿಸಬೇಕಾಗಿಲ್ಲ. ಹಿಡಿಗೆ ಅಂಟಿಸುವ ಅಯಸ್ಕಾಂತ, ಅದರೆದುರು ಕೂಡಿಸುವ ಸೆನ್ಸರು ಪ್ರತ್ಯೇಕವಾಗಿ ಸಿಗುತ್ತವೆ. ಎರಡರ ನಡುವಿನ ಸಂದು ಕೆಲವೇ ಮಿಲಿಮೀಟರ್ ಇರಬೇಕು. ಅಯಸ್ಕಾಂತದ ಒಂದು ಮುಖಕ್ಕೆ ಸೆನ್ಸರು ಓಗೊಡದಿದ್ದರೆ ತಿರುಗಿಸಿ ಇನ್ನೊಂದು ಮುಖ ಹಿಡಿದು ನೋಡಿ. ಅಂಟಿಸುವುದು ಪರೀಕ್ಷೆಯಾದ ಮೇಲೆ, ಮುಂಚೆಯಲ್ಲ.

ಕೆಲಸಕ್ಕೆ ಕೈಹಾಕುವ ಮೊದಲು ಬ್ಯಾಟರಿಯ ಕೀಲಿ ಆರಿಸಿ. ಆರಿಸಿದರೆ ಸಾಲದು, ಬ್ಯಾಟರಿಯ ಕನೆಕ್ಟರನ್ನೇ ಕಳಚಿ. ಸೆನ್ಸರುಗಳ ತಂತಿಯಲ್ಲಿ ಇರುವುದು 5 ವೋಲ್ಟಿನ ಸಂಸಾರ. ಬ್ಯಾಟರಿಯದು 36ರ ಸಂಸಾರ. ದೊಡ್ಡದರ ತಂತಿ ಚಿಕ್ಕದಕ್ಕೆ ಒಂದು ಕ್ಷಣ ತಗಲಿದರೂ ಸೆನ್ಸರು ಹೋಗಬಹುದು, ಕಂಟ್ರೋಲರೂ ಹೋಗಬಹುದು. ಅಲ್ಲಿಗೆ ತಿಂಗಳ ಉಳಿತಾಯ ಹೊಗೆಯಾಯಿತು.

ತರುವಾಯ ಮಲ್ಟಿಮೀಟರು ತೆಗೆದುಕೊಳ್ಳಿ. ಎರಡು ತಂತಿಯ ಹಿಡಿಯಾದರೆ ಮೀಟರನ್ನು ಬೀಪ್ ಸದ್ದಿನ ಗುರುತಿಗೆ ತಿರುಗಿಸಿ, ಎರಡು ತುದಿಗಳಿಗೂ ಹಿಡಿಯಿರಿ. ಹಿಡಿ ಬಿಟ್ಟಿದ್ದಾಗ ಸದ್ದು ಬರಬಾರದು, ಎಳೆದಾಗ ಬರಬೇಕು. ಇದಕ್ಕೆ ವಿರುದ್ಧವಾಗಿದ್ದರೆ ಆ ಹಿಡಿ ನಿಮ್ಮ ಕಂಟ್ರೋಲರಿಗೆ ಹೊಂದಲಾರದು. ಸದ್ದು ಒಮ್ಮೆ ಬಂದು ಒಮ್ಮೆ ಬರದಿದ್ದರೆ ಹೊಸ ಹಿಡಿಯಾದರೂ ಅಂಗಡಿಗೆ ಹಿಂದಿರುಗಿಸಿ.

ಈಗ ಕಂಟ್ರೋಲರಿನ ಕಡೆ. ಬ್ರೇಕಿನ ಕನೆಕ್ಟರು ಯಾವುದೆಂದು ಜೊತೆಗೆ ಬಂದ ಕಾಗದದಲ್ಲಿ ನೋಡಿ. ತಂತಿಯ ಬಣ್ಣವನ್ನು ಮಾತ್ರ ನಂಬಬೇಡಿ. ಒಂದು ಕಾರ್ಖಾನೆಯ ಹಳದಿ ಇನ್ನೊಂದರ ನೀಲಿ. ಬ್ಯಾಟರಿಯನ್ನು ಮರಳಿ ಜೋಡಿಸಿ, ಗಾಲಿಯನ್ನು ನೆಲದಿಂದ ಎತ್ತಿ ನಿಲ್ಲಿಸಿ, ಮೀಟರನ್ನು ಡಿ.ಸಿ. ವೋಲ್ಟಿಗೆ ತಿರುಗಿಸಿ ಅಳೆಯಿರಿ. ಕಪ್ಪು ಕಡ್ಡಿ ಮೈನಸ್ ತಂತಿಗೆ, ಕೆಂಪು ಕಡ್ಡಿ ಸಂಕೇತದ ತಂತಿಗೆ. 5 ವೋಲ್ಟಿನ ಆಸುಪಾಸು ತೋರಿಸಿದರೆ, ಆ ತಂತಿಯನ್ನು ಮೈನಸ್ಸಿಗೆ ಸೇರಿಸಿದಾಗ ಮೋಟಾರು ನಿಲ್ಲುವ ಪದ್ಧತಿಯದು ಎಂದು ಸಾಮಾನ್ಯವಾಗಿ ತಿಳಿಯಬಹುದು. ಸೈಕಲ್ಲಿನ ಕಿಟ್ಟುಗಳಲ್ಲಿ ಹೆಚ್ಚಾಗಿ ಇದೇ. ಸ್ಕೂಟರಿಗಾಗಿ ಮಾಡಿದ ಕೆಲವು ಕಂಟ್ರೋಲರುಗಳಲ್ಲಿ ಇನ್ನೊಂದು ತಂತಿಯೂ ಇರುತ್ತದೆ. ಅದಕ್ಕೆ 12 ವೋಲ್ಟು ಬಂದಾಗ ಮೋಟಾರು ನಿಲ್ಲುತ್ತದೆ. ಇವೆರಡನ್ನೂ ಬೆರೆಸಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಕಂಟ್ರೋಲರಿನಲ್ಲಿ ಮೂರು ಪಿನ್ನು, ಹಿಡಿಯಲ್ಲಿ ಎರಡೇ ತಂತಿ ಇದ್ದರೆ, ಸಂಕೇತ ಮತ್ತು ಮೈನಸ್ ಈ ಎರಡಕ್ಕೆ ಮಾತ್ರ ಜೋಡಿಸಿ. 5 ವೋಲ್ಟಿನ ಪಿನ್ನನ್ನು ಮುಟ್ಟದೆ ಮುಚ್ಚಿಬಿಡಿ. ಕಣ್ತಪ್ಪಿ ಹಿಡಿಯ ತಂತಿಗಳನ್ನು 5 ವೋಲ್ಟಿಗೂ ಮೈನಸ್ಸಿಗೂ ಸೇರಿಸಿದರೆ, ಬ್ರೇಕು ಹಿಡಿದಾಗಲೆಲ್ಲ ಕಂಟ್ರೋಲರಿನ ಒಳಗಿನ ಸರಬರಾಜು ಶಾರ್ಟಾಗುತ್ತದೆ. ಇದಕ್ಕೆ ಪ್ರತಿಯಾಗಿ, ಹಿಡಿಯಲ್ಲಿ ಮೂರು ತಂತಿ, ಕಂಟ್ರೋಲರಿನಲ್ಲಿ ಎರಡೇ ಪಿನ್ನು ಇದ್ದರೆ, ಬೇಕಾದ 5 ವೋಲ್ಟನ್ನು ಥ್ರಾಟಲಿನ ಕನೆಕ್ಟರಿನಲ್ಲಿರುವ 5 ವೋಲ್ಟಿನ ತಂತಿಯಿಂದ ಕವಲು ತೆಗೆಯಬಹುದು. ತೆಗೆಯುವ ಮುಂಚೆ ಅಳೆದು ನೋಡಿ.

ಹಿಡಿಗಳು ಎರಡು, ಕನೆಕ್ಟರು ಒಂದೇ ಇದ್ದರೆ ಹೇಗೆ? ಹೋಟೆಲಿನ ಎರಡು ಕೋಣೆಗಳಲ್ಲಿ ಎರಡು ಗುಂಡಿಗಳಿದ್ದು ಒಂದೇ ಗಂಟೆ ಬಾರಿಸುವುದನ್ನು ನೀವು ನೋಡಿದ್ದೀರಿ. ಯಾವ ಗುಂಡಿ ಒತ್ತಿದರೂ ಗಂಟೆ ಬಾರಿಸಲೇಬೇಕು. ಹಾಗೆಯೇ ಎಡ ಹಿಡಿಯ ಸಂಕೇತದ ತಂತಿಯನ್ನೂ ಬಲ ಹಿಡಿಯ ಸಂಕೇತದ ತಂತಿಯನ್ನೂ ಒಟ್ಟಿಗೆ ಸೇರಿಸಿ. ಮೈನಸ್ಸುಗಳನ್ನೂ ಒಟ್ಟಿಗೆ ಸೇರಿಸಿ. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಸರಪಳಿ ಮಾಡಿದರೆ ಎರಡೂ ಬ್ರೇಕುಗಳನ್ನು ಒಟ್ಟಿಗೆ ಹಿಡಿದಾಗ ಮಾತ್ರ ಮೋಟಾರು ನಿಲ್ಲುತ್ತದೆ. ಅದು ಸಲ್ಲದು. ಒಂದು ಕೈಯಲ್ಲಿ ಟಿಫಿನ್ ಚೀಲ ಹಿಡಿದವನಿಗೂ ಗಾಡಿ ನಿಲ್ಲಬೇಕು.

ತಂತಿಗೆ ತಂತಿ ಸೇರಿಸುವಾಗ ಬರಿದೆ ಹೊಸೆದು ಟೇಪು ಸುತ್ತಬೇಡಿ. ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ ತೊಡಿಸಿ. ನೀರು ತಡೆಯುವ ದುಂಡನೆಯ ಕನೆಕ್ಟರುಗಳಲ್ಲಿ ಎರಡೂ ಕಡೆ ಬಾಣದ ಗುರುತಿರುತ್ತದೆ. ಬಾಣಕ್ಕೆ ಬಾಣ ಕೂಡಿಸಿ ನೇರವಾಗಿ ಒತ್ತಿ. ತಿರುಚಿದರೆ ಒಳಗಿನ ಸೂಜಿ ಬಾಗುತ್ತದೆ. ಕನೆಕ್ಟರಿಗೆ ಹೋಗುವ ತಂತಿ ಮೊದಲು ಸ್ವಲ್ಪ ಕೆಳಗೆ ಜೋತುಬಿದ್ದು ಆಮೇಲೆ ಮೇಲೇರಲಿ. ಮಳೆಯ ನೀರು ಆ ತಗ್ಗಿನಿಂದ ತೊಟ್ಟಿಕ್ಕಿ ಹೋಗುತ್ತದೆ, ಕನೆಕ್ಟರಿನೊಳಗೆ ಹರಿಯುವುದಿಲ್ಲ. ತಂತಿಯನ್ನು ಕಟ್ಟುವ ಮೊದಲು ಹ್ಯಾಂಡಲನ್ನು ಎಡ ತುದಿಗೂ ಬಲ ತುದಿಗೂ ತಿರುಗಿಸಿ ನೋಡಿ; ಎಲ್ಲಿಯೂ ಬಿಗಿಯಬಾರದು. ಬಿಗಿದ ತಂತಿ ಇಂದಲ್ಲ ನಾಳೆ ಕಡಿಯುತ್ತದೆ.

ಹಿಡಿಯ ಹೊಂದಾಣಿಕೆಯಲ್ಲಿ ಒಂದು ಸೂಕ್ಷ್ಮವಿದೆ. ಹಿಡಿಯನ್ನು ಎಳೆಯತೊಡಗಿದ ಕೂಡಲೇ ಮೋಟಾರು ನಿಲ್ಲಬೇಕು. ಬ್ರೇಕಿನ ರಬ್ಬರು ರಿಮ್ಮಿಗೆ ತಗಲುವುದು ಅದರ ಅನಂತರ. ಮೊದಲು ಶಕ್ತಿ ಹೋಗಲಿ, ಆಮೇಲೆ ತಡೆ ಬರಲಿ. ಇದಕ್ಕಾಗಿ ಬ್ರೇಕ್ ಕೇಬಲಿನ ಬಿಗುವನ್ನು ಸರಿಪಡಿಸಿಕೊಳ್ಳಿ. ಹಾಗೆಯೇ ಹಿಡಿ ಬಿಟ್ಟಾಗ ಸ್ಪ್ರಿಂಗು ಅದನ್ನು ಪೂರ್ತಿ ಹಿಂದಕ್ಕೆ ತರಬೇಕು.

ಪರೀಕ್ಷೆ ಹೀಗೆ. ಮೋಟಾರಿನ ಗಾಲಿ ನೆಲಕ್ಕೆ ತಗಲದಂತೆ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ. ಲುಂಗಿ ಉಟ್ಟವರು ಎತ್ತಿಕಟ್ಟಿ ದೂರ ನಿಲ್ಲಿ. ಥ್ರಾಟಲನ್ನು ಮೆಲ್ಲಗೆ ತಿರುವಿ, ಗಾಲಿ ತಿರುಗುತ್ತಿರುವಾಗ ಎಡ ಹಿಡಿಯನ್ನು ಮಾತ್ರ ಹಗುರವಾಗಿ ಎಳೆಯಿರಿ. ಮೋಟಾರಿನ ಸದ್ದು ತಟ್ಟನೆ ಅಡಗಬೇಕು. ಹಿಡಿಯ ಜೊತೆಗೆ ಥ್ರಾಟಲನ್ನೂ ಬಿಡಿ. ಪುನಃ ಥ್ರಾಟಲು ತಿರುವಿ ಬಲ ಹಿಡಿಯನ್ನು ಮಾತ್ರ ಎಳೆಯಿರಿ. ಒಂದೊಂದನ್ನೂ ನಾಲ್ಕೈದು ಸಲ ಮಾಡಿ. ಆಮೇಲೆ ತಂತಿಗಳನ್ನು ಕೈಯಿಂದ ಅಲುಗಾಡಿಸುತ್ತ ಮಾಡಿ, ಹ್ಯಾಂಡಲು ಪೂರ್ತಿ ತಿರುಗಿಸಿ ಮಾಡಿ. ಕೆಲವು ಕಂಟ್ರೋಲರುಗಳಲ್ಲಿ ಥ್ರಾಟಲು ತಿರುವಿಕೊಂಡೇ ಬ್ರೇಕು ಬಿಟ್ಟರೆ ಮೋಟಾರು ಮತ್ತೆ ಎಗರುತ್ತದೆ. ಆದ್ದರಿಂದ ಮೊದಲು ಥ್ರಾಟಲು ಬಿಡುವುದು, ಆಮೇಲೆ ಬ್ರೇಕು ಬಿಡುವುದು, ಇದನ್ನು ಕೈಗೆ ಅಭ್ಯಾಸ ಮಾಡಿಸಿ.

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬಂದೆ. ಈ ಸೆನ್ಸರಿಗೆ ಎರಡು ಬಗೆಯ ರೋಗ ಬರುತ್ತದೆ. ಒಂದು ಕೂಗುವ ರೋಗ, ಇನ್ನೊಂದು ಮೂಕ ರೋಗ. ಹಿಡಿ ಪೂರ್ತಿ ಹಿಂದಕ್ಕೆ ಬಾರದೆ ಸಿಕ್ಕಿಕೊಂಡರೆ, ಸ್ವಿಚ್ಚಿಗೆ ತುಕ್ಕು ಹಿಡಿದು ಅಂಟಿದರೆ, ಕನೆಕ್ಟರಿನಲ್ಲಿ ನೀರು ನಿಂತರೆ, ಕಂಟ್ರೋಲರಿಗೆ ಬ್ರೇಕು ಹಿಡಿದೇ ಇದೆಯೆಂದು ತೋರುತ್ತದೆ. ಮೋಟಾರು ಓಡುವುದಿಲ್ಲ. ಇದು ಕೂಗುವ ರೋಗ; ಸವಾರನಿಗೆ ಕೂಡಲೇ ಗೊತ್ತಾಗುತ್ತದೆ, ಸಿಟ್ಟೂ ಬರುತ್ತದೆ. ತಂತಿ ಕಡಿದರೆ, ಕನೆಕ್ಟರು ಕಳಚಿದರೆ, ಮೋಟಾರು ಚೆನ್ನಾಗಿ ಓಡುತ್ತದೆ. ನಿಲ್ಲಿಸುವ ಅಪ್ಪಣೆ ಮಾತ್ರ ತಲುಪುವುದಿಲ್ಲ. ಇದು ಮೂಕ ರೋಗ. ದಿನವೆಲ್ಲ ಓಡಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಬಸ್ಸಿನ ಎದುರಿಗೆ.

ತಂತಿ ಕತ್ತರಿಸುವ ರಿಪೇರಿಯವನು ಮಾಡುವುದೇನು? ಕೂಗುವ ರೋಗವನ್ನು ಮೂಕ ರೋಗವನ್ನಾಗಿ ಮಾಡಿ ಮಜೂರಿ ತೆಗೆದುಕೊಳ್ಳುತ್ತಾನೆ. ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕಿ ವಾಸಿಯಾಯಿತೆಂದ ಹಾಗೆ!

ಸರಿಯಾದ ದಾರಿ ಕಷ್ಟದ್ದೇನೂ ಅಲ್ಲ. ಮೋಟಾರು ಓಡದಿದ್ದಾಗ, ಮುಂದೆ ಪರದೆಯಿದ್ದವರು ಅದನ್ನು ನೋಡಿ. ಕೆಲವುಗಳಲ್ಲಿ ಬ್ರೇಕಿನ ಗುರುತು ಉರಿಯುತ್ತಿರುತ್ತದೆ. ಕೀಲಿ ಆರಿಸಿ ಎಡ ಹಿಡಿಯ ಕನೆಕ್ಟರು ಕಳಚಿ, ಗಾಲಿ ಎತ್ತಿ ನಿಲ್ಲಿಸಿ, ಕೀಲಿ ಹಾಕಿ ನೋಡಿ. ಓಡಿದರೆ ದೋಷ ಎಡ ಹಿಡಿಯದು. ಓಡದಿದ್ದರೆ ಅದನ್ನು ಮರಳಿ ಸೇರಿಸಿ ಬಲದ್ದನ್ನು ಕಳಚಿ ನೋಡಿ. ಎರಡನ್ನೂ ಕಳಚಿದರೂ ಓಡದಿದ್ದರೆ ದೋಷ ಬೇರೆಲ್ಲೋ ಇದೆ. ಪಾಪದ ಬ್ರೇಕ್ ತಂತಿಯನ್ನು ದೂರಬೇಡಿ. ರೋಗಿ ಯಾರೆಂದು ತಿಳಿದ ಮೇಲೆ ಹಿಡಿಯ ಕೀಲನ್ನು ಶುಚಿಮಾಡಿ ಒಂದು ತೊಟ್ಟು ಎಣ್ಣೆ ಬಿಡಿ, ಕನೆಕ್ಟರನ್ನು ಒಣಗಿಸಿ, ಸರಿದ ಅಯಸ್ಕಾಂತವನ್ನು ಜಾಗಕ್ಕೆ ತನ್ನಿ. ಇಷ್ಟಾದರೂ ಸರಿಹೋಗದಿದ್ದರೆ ಹೊಸ ಹಿಡಿ ಹಾಕಿ. ಕಳಚಿದ್ದು ಪರೀಕ್ಷೆಗಾಗಿ ಮಾತ್ರ. ಮರಳಿ ಸೇರಿಸದೆ ರಸ್ತೆಗೆ ಇಳಿಯಬಾರದು.

ಮೂಕ ರೋಗಕ್ಕೆ ಔಷಧ ಒಂದೇ: ದಿನಕ್ಕೊಂದು ಪರೀಕ್ಷೆ. ಹೊರಡುವ ಮುಂಚೆ ಗಾಲಿ ಎತ್ತಿ, ಎಡ ಹಿಡಿ ಒಮ್ಮೆ, ಬಲ ಹಿಡಿ ಒಮ್ಮೆ. ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಒಲೆ ಹೊತ್ತಿಸುವ ಮುಂಚೆ ಗ್ಯಾಸಿನ ವಾಸನೆ ನೋಡುವ ಅಡಿಗೆಯವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಲವರು ಬ್ರೇಕು ಹಿಡಿದಾಗ ಹಿಂದಿನ ಕೆಂಪು ದೀಪ ಉರಿಯಲೆಂದು ಇದೇ ತಂತಿಗೆ ದೀಪವನ್ನೂ ಕಟ್ಟುತ್ತಾರೆ. ಆಸೆ ಒಳ್ಳೆಯದೇ, ದಾರಿ ತಪ್ಪು. ದೀಪದ ಮೂಲಕ ಬ್ಯಾಟರಿಯ 36 ವೋಲ್ಟು ಸಂಕೇತದ ತಂತಿಗೆ ನುಗ್ಗಿ ಕಂಟ್ರೋಲರನ್ನು ಸುಡಬಹುದು. ದೀಪಕ್ಕೆ ಬೇರೆ ಸ್ವಿಚ್ಚಿರುವ ಹಿಡಿ ತನ್ನಿ, ಇಲ್ಲವೆ ತಿಳಿದವರಿಂದ ರಿಲೇ ಹಾಕಿಸಿ.

ಸೆನ್ಸರು ಹಾಕಿದೆವೆಂದು ಬ್ರೇಕನ್ನು ಅಲಕ್ಷಿಸಲಾಗದು. ಸೆನ್ಸರು ಗಾಡಿಯನ್ನು ನಿಲ್ಲಿಸುವುದಿಲ್ಲ. ತಳ್ಳುವುದನ್ನು ಮಾತ್ರ ನಿಲ್ಲಿಸುತ್ತದೆ. ನಿಲ್ಲಿಸುವುದು ರಬ್ಬರು, ಕೇಬಲು, ನಿಮ್ಮ ಕೈ. ಬ್ಯಾಟರಿ, ಮೋಟಾರು ಏರಿಸಿ ತೂಕ ಹೆಚ್ಚಾದ ಗಾಡಿಗೆ ಹಳೆಯ ಸವೆದ ರಬ್ಬರು ಸಾಲದು. ಗಾಡಿಯಿಂದ ಇಳಿದ ತಕ್ಷಣ ಕೀಲಿ ಆರಿಸುವ ಅಭ್ಯಾಸವೂ ಬೇಕು. ಸಾಂಬಾರಿನ ಕಥೆ ಮರೆಯಬೇಡಿ.

ಕಾಯಿದೆಯ ವಿಷಯ ಎರಡು ಮಾತು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಶಕ್ತಿ 250 ವಾಟಿಗಿಂತ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆಯಿದ್ದು, ನಿಯಮಿತ ತಪಾಸಣಾ ಸಂಸ್ಥೆ ಒಪ್ಪಿದ ಗಾಡಿಯನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಪೆಡಲಿನ ಸೈಕಲ್ಲಿಗೆ ತಕ್ಕ ಬ್ರೇಕು, ಮುಂದೆ ಬಿಳಿ, ಹಿಂದೆ ಕೆಂಪು ಪ್ರತಿಫಲಕ ಇರಬೇಕೆಂದೂ ಹೇಳಿದೆ. ಮನೆಯಲ್ಲಿ ಕಟ್ಟಿದ ಗಾಡಿಗೆ ಆ ಒಪ್ಪಿಗೆಯ ಕಾಗದ ಇರುವುದಿಲ್ಲ. ಆದ್ದರಿಂದ ದೊಡ್ಡ ಮೋಟಾರಿನ ಆಸೆಗೆ ಬಿದ್ದು ತೊಡಕನ್ನು ಹೆಚ್ಚಿಸಿಕೊಳ್ಳಬೇಡಿ.

ಕೊನೆಯದಾಗಿ ಸಂಘಕ್ಕೆ ನನ್ನ ವಿಜ್ಞಾಪನೆ. ಒಂದು ಮಲ್ಟಿಮೀಟರು, ಒಂದು ಬೆಸುಗೆಯ ಕಡ್ಡಿ, ಕುಗ್ಗುವ ಕೊಳವೆಯ ಒಂದು ಕಟ್ಟು, ಇಷ್ಟನ್ನು ಸಂಘದ ಕಪಾಟಿನಲ್ಲಿ ಇಡೋಣ. ಒಬ್ಬೊಬ್ಬರೂ ಬೇರೆ ಬೇರೆ ಕೊಳ್ಳಬೇಕಾಗಿಲ್ಲ. ತಿಂಗಳಿಗೊಂದು ದಿನ, ರಜೆ ಸಿಕ್ಕಿದವರು ಗಾಡಿ ತನ್ನಿ, ನಾನೂ ಬರುತ್ತೇನೆ. ಕತ್ತರಿಸಿದ ತಂತಿಗಳನ್ನೆಲ್ಲ ಮರಳಿ ಸೇರಿಸೋಣ. ಕಲಿತವರು ಇನ್ನೊಬ್ಬರಿಗೆ ಕಲಿಸಲಿ. ಮಜೂರಿಯ ಮಾತು ಬೇಡ, ಒಂದು ಲೋಟ ಚಹ ಸಾಕು.

ಮಾಲೀಕನ ಯಂತ್ರಕ್ಕೆ ನಿಲ್ಲಿಸುವ ಸಾಧನ ಇರಲೇಬೇಕೆಂದು ಕೇಳುವ ನಾವು, ನಮ್ಮದೇ ಯಂತ್ರದ ಸಾಧನವನ್ನು ನಮ್ಮ ಕೈಯಾರೆ ಕತ್ತರಿಸಿಹಾಕುವುದು ನ್ಯಾಯವಲ್ಲ. ಹೋಟೆಲಿನಲ್ಲಾಗಲಿ, ಗಿರಣಿಯಲ್ಲಾಗಲಿ, ರಸ್ತೆಯಲ್ಲಾಗಲಿ, ದುಡಿಯುವ ಕೈ ಸಾಕೆಂದಾಗ ಯಂತ್ರ ನಿಲ್ಲಬೇಕು. ಹೊರಗೆ ಗಾಡಿ ನಿಲ್ಲಿಸಿ ಬಂದವರು ಹೋಗುವ ಮುಂಚೆ ಎರಡು ಹಿಡಿಗಳನ್ನೂ ಒಮ್ಮೆ ಪರೀಕ್ಷಿಸಿಯೇ ಹೊರಡಿ.